ಮೇಲಿನ ಹೊಲದ ಮಣ್ಣು

ಭಾನುವಾರ, ನವೆಂಬರ್ ೯

ಪ್ರೀತಿಯ ಗುಂಡನಿಗೆ,

ಅಕ್ಕನ ಆಶೀರ್ವಾದಗಳು. ನೀನು, ನಿನ್ನ ಹೆಂಡತಿ, ಮಗಳು, ಕೊಟ್ಟಿಗೆಯ ಸಕಲ ಪರಿವಾರ ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನಾವೂ ಚೆನ್ನಾಗಿದ್ದೇವೆ. ನಿನ್ನ ಭಾವನಿಗೆ ಮಂಡಿನೋವು. ನಾಲಿಗೆಗೆ ಯಾವ ನೋವೂ ಇಲ್ಲವಾದ್ದರಿಂದ ಮನೆ ಎಂದಿನಂತೆಯೇ ಇದೆ.

ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಕೂತಿದ್ದಕ್ಕೆ ಬೈದುಕೊಂಡಿರುತ್ತೀಯ. ಬೈದಿದ್ದು ಸರಿಯೇ. ಮೊದಲನೆಯದರಲ್ಲಿ "ಮಣ್ಣು ಏನಾಯ್ತು?" ಎಂದು ಕೇಳಿದ್ದೆ. ಎರಡನೆಯದರಲ್ಲಿ "ಅಕ್ಕಾ, ಬದುಕಿದ್ದೀಯಾ?" ಎಂದು ಕೇಳಿದ್ದೆ. ಬದುಕಿದ್ದೇನೆ ಕಣೋ. ಮಣ್ಣಿನ ವಿಷಯ ನನಗೆ ಗೊತ್ತಿತ್ತು, ಆದರೆ ಆದೇಶಕ್ಕೆ ಸಹಿ ಬೀಳುವ ತನಕ ಬಾಯಿ ಬಿಡುವ ಹಾಗಿರಲಿಲ್ಲ. ಕಾಗದ ಬರೆಯಲು ಕೂತರೆ ಕೈ ತಾನಾಗಿಯೇ ಬರೆದುಬಿಡುತ್ತದೆ ಎಂದು ಹೆದರಿ ಪೆನ್ನನ್ನೇ ಮುಟ್ಟಲಿಲ್ಲ. ಇವಳ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ಅಮ್ಮ ಹೇಳುತ್ತಿದ್ದಳಲ್ಲ, ಅವಳಿದ್ದಿದ್ದರೆ ಈಗ ನಂಬುತ್ತಿರಲಿಲ್ಲ.

ಶುಕ್ರವಾರ ಸಹಿ ಬಿತ್ತು. ಈಗ ಹೇಳುತ್ತೇನೆ, ಕೂತುಕೊಂಡು ಓದು. ನಮ್ಮ ಮೇಲಿನ ಹೊಲ, ಬಾವಿಯ ಪಕ್ಕದ ಹೊಲ, ಎರಡರ ಮಣ್ಣೂ ಶುದ್ಧವಾಗಿದೆ. ನಿರ್ಬಂಧ ಹೋಯಿತು. ಬೇಲಿಗೆ ಹೊಡೆದಿರುವ ಆ ಕೆಂಪಕ್ಷರದ ಬೋರ್ಡನ್ನು ನೀನೇ ಕಿತ್ತು ಒಲೆಗೆ ಹಾಕಬಹುದು. ಆಲೂಗಡ್ಡೆ ಬೆಳೆಯಬಹುದು ಗುಂಡ, ನಮ್ಮ ಹೊಲದಲ್ಲಿ ಮತ್ತೆ ಆಲೂಗಡ್ಡೆ ಬೆಳೆಯಬಹುದು.

ಪರೀಕ್ಷೆಗೆ ನಾನು ಕೈ ಹಾಕಲಿಲ್ಲ. ಸ್ವಂತ ಹೊಲದ ಮಣ್ಣನ್ನು ಮುಟ್ಟಿದರೆ ನಾಳೆ ನಾಲ್ಕು ಜನ ನಾಲ್ಕು ಮಾತಾಡುತ್ತಾರೆ. ಈಗ ಸಂಶೋಧನಾ ಕೇಂದ್ರದಲ್ಲಿ ನನ್ನ ಜಾಗಕ್ಕೆ ಬಂದಿರುವಾಕೆಯೇ ಎಲ್ಲ ಮಾಡಿದಳು. ಮಣ್ಣನ್ನು ಜರಡಿ ಹಿಡಿದು, ತೊಳೆದು, ತಿಳಿಯಾಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಳು. ಆಮೇಲೆ ಅದೇ ಮಣ್ಣನ್ನು ಕುಂಡಗಳಿಗೆ ತುಂಬಿ, ಎಲ್ಲಕ್ಕಿಂತ ಬೇಗ ರೋಗ ಹತ್ತಿಸಿಕೊಳ್ಳುವ ತಳಿಯ ಆಲೂಗಡ್ಡೆ ಊರಿ, ತಣ್ಣಗಿನ ಕೋಣೆಯಲ್ಲಿ ತಿಂಗಳುಗಟ್ಟಲೆ ಒದ್ದೆಯಾಗಿಟ್ಟಳು. ಮಣ್ಣಿನಲ್ಲಿ ಒಂದಿಷ್ಟು ರೋಗ ಉಳಿದಿದ್ದರೂ ಆ ಬಡಪಾಯಿ ಗಡ್ಡೆ ಅದನ್ನು ಹಿಡಿದುಕೊಂಡೇ ತೀರುತ್ತದೆ. ಕುಂಡಗಳನ್ನು ಬೋರಲು ಹಾಕುವ ದಿನ ನಾನು ಗಾಜಿನ ಬಾಗಿಲಾಚೆ, ಹೆರಿಗೆ ಕೋಣೆಯ ಹೊರಗೆ ನಿಂತ ಗಂಡಸಿನ ಹಾಗೆ, ಅತ್ತಿಂದಿತ್ತ ಓಡಾಡುತ್ತಿದ್ದೆ. ಆಕೆ ತಟ್ಟೆಯಲ್ಲಿ ತೊಳೆದ ಗಡ್ಡೆಗಳನ್ನಿಟ್ಟುಕೊಂಡು ಬಂದಳು.

"ನೋಡಿ ಮೇಡಂ, ಒಂದೊಂದೂ ಈಗ ತಾನೇ ಸ್ನಾನ ಮಾಡಿಸಿದ ಮಗು ಇದ್ದ ಹಾಗಿದೆ."

ಒಂದೊಂದನ್ನೂ ಎತ್ತಿ ತಿರುಗಿಸಿ ನೋಡಿದೆ. ಒಂದು ಗಂಟಿಲ್ಲ, ಒಂದು ಮೊಡವೆಯಿಲ್ಲ. ಆಕೆಯ ಎದುರಿಗೇ ಅತ್ತುಬಿಟ್ಟೆ. ಆಕೆ ನನಗೊಂದು ಕುರ್ಚಿ ಎಳೆದು ಹಾಕಿದಳು.

ಅದಾದ ತಿಂಗಳಿಗೆ ನನಗೆ ನಿವೃತ್ತಿಯಾಯಿತು. ಬೀಳ್ಕೊಡುಗೆಗೆ ನಮ್ಮ ಹಳೆಯ ಮುಖ್ಯಸ್ಥರೂ ಬಂದಿದ್ದರು. ನಿನಗೆ ನೆನಪಿರಬೇಕು, ನಾವು ಅವರನ್ನು ಹಿಂದಿನಿಂದ ಬೂಷ್ಟಪ್ಪ ಅನ್ನುತ್ತಿದ್ದೆವು. ಜೀವಮಾನವೆಲ್ಲ ಬೂಷ್ಟು ಬೆಳೆಸಿ, ಬೂಷ್ಟು ನೋಡಿ, ಮನೆಯಿಂದ ತಂದ ಊಟದ ಡಬ್ಬಿಯನ್ನೂ ಮುಚ್ಚಳ ಎತ್ತಿ ಒಂದು ಸಲ ಪರೀಕ್ಷೆ ಮಾಡಿಯೇ ಬಾಯಿಗಿಡುತ್ತಿದ್ದ ಮನುಷ್ಯ. ಈಗ ಕೋಲು ಬಂದಿದೆ, ಕಿವಿ ಮಂದವಾಗಿದೆ. ನಾಲ್ಕು ಮಾತಾಡಿ ಎಂದು ಎಬ್ಬಿಸಿದರೆ, "ಈಕೆ ಗೊತ್ತಿಲ್ಲದ್ದನ್ನ ಗೊತ್ತಿದೆ ಅನ್ನಲಿಲ್ಲ, ಗೊತ್ತಿದ್ದದ್ದನ್ನ ಮುಚ್ಚಿಡಲಿಲ್ಲ" ಎಂದು ಹೇಳಿ ಕೂತುಬಿಟ್ಟರು. ಉಳಿದವರ ಭಾಷಣಗಳೆಲ್ಲ ಸೇರಿ ಮಧ್ಯಾಹ್ನದ ಊಟವನ್ನು ತಣ್ಣಗಾಗಿಸಿದವು.

ಇನ್ನು ನಿನ್ನ ಎರಡನೆಯ ಕಾಗದದ ವಿಷಯ. ನಿನ್ನ ಮಗಳು ಬೆಳೆಗಳ ರೋಗಗಳನ್ನೇ ಓದುತ್ತೇನೆ ಎಂದು ಹಟ ಹಿಡಿದಿದ್ದಾಳೆ, ಅತ್ತೆಯ ಹುಚ್ಚು ಸೊಸೆಗೂ ಹತ್ತಿದೆ, ಬುದ್ಧಿ ಹೇಳು ಎಂದು ಬರೆದಿದ್ದೀಯ. ಹುಚ್ಚು ಹಿಡಿದವಳ ಹತ್ತಿರ ಬುದ್ಧಿ ಕೇಳುವವನು ನೀನೊಬ್ಬನೇ. ಬುದ್ಧಿ ಹೇಳಲಾರೆ. ಬೇಲಿಗೆ ಆ ಬೋರ್ಡು ಬಿದ್ದ ವರ್ಷದ ಕತೆಯನ್ನು ಮೊದಲಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದೇ, ಆದರೆ ಅವಳು ಅಲ್ಲೊಂದು ಇಲ್ಲೊಂದು ತುಣುಕು ಮಾತ್ರ ಕೇಳಿದ್ದಾಳೆ. ಅವಳಿಗೆ ಓದಿ ಹೇಳು. ಕೇಳಿದ ಮೇಲೂ ಬೇಕು ಅಂದರೆ ಕಳಿಸು.

ಆಗ ನಾನು ಸಂಶೋಧನಾ ಕೇಂದ್ರಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ರೋಗದ ಶಿಲೀಂಧ್ರಗಳನ್ನು ಸಾಕುವುದಕ್ಕೆ ಆಲೂಗಡ್ಡೆ ಬೇಯಿಸಿದ ನೀರು ಬೇಕು. ಹೊಸದಾಗಿ ಸೇರಿದವರಿಗೆ ಅದೇ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಸಿಪ್ಪೆ ತೆಗೆದು, ಬೇಯಿಸಿ, ಸೋಸಿ, ಗಾಜಿನ ತಟ್ಟೆಗಳಿಗೆ ಹೊಯ್ಯುವುದು. ರಜೆಗೆ ಮನೆಗೆ ಬಂದರೆ ಅಮ್ಮ ನನ್ನ ಜಡೆ ಮೂಸಿ, "ಅಷ್ಟೆಲ್ಲ ಓದಿ ಕೊನೆಗೆ ಆಲೂಗಡ್ಡೆ ಬೇಯಿಸೋ ಕೆಲಸವಾ? ಅದನ್ನ ನಾನೇ ಕಲಿಸ್ತಿದ್ದೆ" ಅನ್ನುತ್ತಿದ್ದಳು. ಆ ಕೆಲಸ ನನಗೆ ಇಷ್ಟವಾಗಿತ್ತು. ಸಾಯುತ್ತಿರುವ ಎಲೆಯಿಂದ ಒಂದು ಚೂರು ಕತ್ತರಿಸಿ ತಟ್ಟೆಯಲ್ಲಿಟ್ಟರೆ, ಕೆಲವು ದಿನಗಳಲ್ಲಿ ಅಪರಾಧಿ ತಾನಾಗಿಯೇ ಬೆಳೆದು ಎದುರು ನಿಲ್ಲುತ್ತಾನೆ. ಕಾಯುವ ತಾಳ್ಮೆಯೊಂದಿದ್ದರೆ ಸಾಕು.

ಗಡ್ಡೆ ಕೀಳುವ ಕಾಲಕ್ಕೆ ರಜೆ ಹಾಕಿ ಬಂದಿದ್ದೆ. ಮೇಲಿನ ಹೊಲದಲ್ಲಿ ನಾನು, ನೀನು ಒಂದು ಸಾಲು, ಅಪ್ಪ ಇನ್ನೊಂದು ಸಾಲು. ನಿನಗೆ ಆಗ ಮೀಸೆ ಚಿಗುರುತ್ತಿತ್ತು, ಕೆಲಸಕ್ಕಿಂತ ಅದನ್ನು ಮುಟ್ಟಿ ನೋಡಿಕೊಳ್ಳುವುದೇ ಹೆಚ್ಚಾಗಿತ್ತು. ಅಪ್ಪ ಸಾಲಿನ ಕೊನೆಯಿಂದ ಕೂಗಿದರು.

"ಏ ವಿಜ್ಞಾನಿ, ಬಾ ಇಲ್ಲಿ! ಈ ಗಡ್ಡೆ ಹೂಕೋಸಿನ ಜೊತೆ ಓಡಿಹೋಗಿ ಮದುವೆ ಮಾಡ್ಕೊಂಡಿದೆ!"

ನಗುತ್ತಾ ಹೋದೆ. ಅವರ ಅಂಗೈಯಲ್ಲಿ ಇದ್ದದ್ದನ್ನು ನೋಡಿ ನಗು ನಿಂತಿತು. ಗಡ್ಡೆಯ ಕಣ್ಣಿನಿಂದ ಗಂಟುಗಂಟಾಗಿ, ಗೊಂಚಲು ಗೊಂಚಲಾಗಿ, ಗಡ್ಡೆಗಿಂತ ದೊಡ್ಡದಾಗಿ ಬೆಳೆದಿತ್ತು. ಒಂದು ಕಡೆ ಹಸಿರು, ಇನ್ನೊಂದು ಕಡೆ ಕಪ್ಪಾಗಿ ಕೊಳೆಯಲು ಶುರುವಾಗಿತ್ತು. ಅಂಥದ್ದನ್ನು ನಾನು ಒಂದೇ ಕಡೆ ನೋಡಿದ್ದೆ, ನಮ್ಮ ಕೇಂದ್ರದ ಬೀರುವಿನಲ್ಲಿ, ಸ್ಪಿರಿಟ್ ತುಂಬಿದ ಜಾಡಿಯೊಳಗೆ. ಮೊದಲ ದಿನ ಬೂಷ್ಟಪ್ಪನವರು ಅದನ್ನು ತೋರಿಸಿ, "ಇದನ್ನ ನೀವು ಈ ಗಾಜಿನಿಂದಾಚೆ ಯಾವತ್ತೂ ನೋಡದೇ ಇರೋ ಹಾಗಾಗ್ಲಿ" ಎಂದಿದ್ದರು.

ಅದಕ್ಕೆ ನರೂಲಿ ರೋಗ ಅನ್ನುತ್ತೇವೆ. ತಿಂದರೆ ಮನುಷ್ಯರಿಗೆ ಏನೂ ಆಗುವುದಿಲ್ಲ. ಆದರೆ ಗಂಟು ಕೊಳೆತು ಮಣ್ಣಿಗೆ ಸೇರಿದರೆ ಅದರ ಬೀಜಕಣಗಳು ಅಲ್ಲೇ ದಶಕಗಟ್ಟಲೆ ಮಲಗಿರುತ್ತವೆ. ಯಾವತ್ತು ಆಲೂಗಡ್ಡೆ ಊರಿದರೂ ಎದ್ದು ಹಿಡಿಯುತ್ತವೆ. ಔಷಧಿ ಇಲ್ಲ. ಬೂಟಿಗೆ ಅಂಟಿದ ಮಣ್ಣು, ಬಿತ್ತನೆಗೆ ಕೊಟ್ಟ ಗಡ್ಡೆ, ಚಕ್ರಕ್ಕೆ ಮೆತ್ತಿದ ಕೆಸರು, ಅಷ್ಟು ಸಾಕು ಪಕ್ಕದ ಹೊಲಕ್ಕೆ ಹೋಗಲು. ನಮ್ಮ ಬೆಟ್ಟದ ಇಳಿಜಾರಿನವರೆಲ್ಲ ಬಿತ್ತನೆ ಗಡ್ಡೆ ಬೆಳೆದು ಊರೂರಿಗೆ ಕಳಿಸುವವರು.

ನಾನು ಆ ಗಡ್ಡೆಯನ್ನು ಎರಡು ಚೀಲದಲ್ಲಿ ಸುತ್ತಿ ಬಾಯಿ ಕಟ್ಟಿದೆ. ನಿಮ್ಮಿಬ್ಬರ ಬೂಟುಗಳನ್ನೂ ಬಿಚ್ಚಿಸಿ ಅಲ್ಲೇ ತೊಳೆದೆ. ಅಪ್ಪ ಬರಿಗಾಲಲ್ಲಿ ನಿಂತಿದ್ದರು. ಊಟಕ್ಕೆ ಕೂತಾಗ ಎಲ್ಲ ಹೇಳಿದೆ. ಅಮ್ಮ ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು.

"ನೀನು ನೋಡೇ ಇಲ್ಲ ಅಂದ್ಕೊಂಡ್ರೆ?"

"ನೋಡಿದೆನಲ್ಲಮ್ಮ."

ನೀನು ಹೇಳಿದ್ದು ನಿನಗೆ ನೆನಪಿದೆಯೋ ಇಲ್ಲವೋ. "ನಾನೇ ಹೋಗಿ ಆ ಸಾಲೆಲ್ಲ ಅಗೆದು ಹೂತು ಹಾಕ್ತೀನಿ ಅಕ್ಕಾ. ನಾಲ್ಕು ಗೋಡೆ ಒಳಗಿನ ಮಾತು ಇಲ್ಲೇ ಇರ್ಲಿ." ನಿನಗೆ ಅಳು ಬಂದಿತ್ತು. ಆ ಹೊಲ ನಿನಗೇ ಬರಬೇಕಾಗಿದ್ದದ್ದು, ಅಳು ಬರದೆ ಏನು?

ಅಪ್ಪ ಊಟ ಮುಗಿಸಿದರು. ಕೈ ತೊಳೆದು ಬಂದು ನನ್ನನ್ನು ಒಂದೇ ಪ್ರಶ್ನೆ ಕೇಳಿದರು.

"ಪಕ್ಕದ ಹೊಲಕ್ಕೆ ಇನ್ನೂ ಹೋಗಿಲ್ಲದೇ ಇರಬಹುದಾ?"

"ಇರಬಹುದು. ಈಗಲೇ ತಡೆದರೆ."

"ಹಾಗಾದ್ರೆ ಹೇಳು. ನನ್ನ ಹೊಲ ಅಂತ ಸುಮ್ಮನಿದ್ದರೆ ನಿನ್ನನ್ನ ಓದಿಸಿದ್ದು ದಂಡ."

ಕೇಂದ್ರಕ್ಕೆ ವಾಪಸು ಹೋಗಿ ಚೀಲವನ್ನು ಬೂಷ್ಟಪ್ಪನವರ ಮೇಜಿನ ಮೇಲಿಟ್ಟೆ. ಬಿಚ್ಚಿ ನೋಡಿದವರು ಚೀಲದ ಬಾಯಿಯನ್ನು ಮತ್ತೆ ಬಿಗಿಯಾಗಿ ಕಟ್ಟಿದರು. ಯಾರ ಹೊಲ ಎಂದು ಕೇಳಿದರು. ಹೇಳಿದೆ. ಆ ಮನುಷ್ಯ ಯಾರನ್ನೂ ಮನೆ ಮಠದ ವಿಷಯ ಕೇಳಿದವರಲ್ಲ, ಅವತ್ತು "ಊಟ ಆಯ್ತೇನಮ್ಮಾ?" ಅಂದರು. ವರದಿಗೆ ನಾನೇ ಸಹಿ ಹಾಕುತ್ತೇನೆ, ನಿಮ್ಮ ಹೆಸರು ಬೇಡ ಅಂದರು. ಬೇಡ ಸಾರ್, ನೋಡಿದವಳು ನಾನು ಎಂದು ನಾನೇ ಹಾಕಿದೆ. ಬೇರೆಯವರ ಸಹಿಯ ಹಿಂದೆ ನಿಂತುಕೊಂಡು ಅಪ್ಪನ ಮುಖ ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಆಮೇಲಿನದು ನಿನಗೇ ನನಗಿಂತ ಚೆನ್ನಾಗಿ ಗೊತ್ತು, ಅನುಭವಿಸಿದವನು ನೀನು. ಜೀಪುಗಳು ಬಂದವು. ಕಿತ್ತಿಟ್ಟಿದ್ದ ಗಡ್ಡೆಯನ್ನೆಲ್ಲ ಆಳವಾದ ಗುಂಡಿ ತೋಡಿ ಹೂತರು. ಗೇಟಿನಲ್ಲಿ ಬೂಟು ತೊಳೆಯುವ ತೊಟ್ಟಿ, ಬೇಲಿಗೆ ಕೆಂಪಕ್ಷರದ ಬೋರ್ಡು. ಎಲ್ಲರ ಮಣ್ಣೂ ಪರೀಕ್ಷೆಯಾಗುವ ತನಕ ಇಡೀ ಇಳಿಜಾರಿನವರು ಬಿತ್ತನೆ ಗಡ್ಡೆ ಮಾರುವ ಹಾಗಿಲ್ಲ ಎಂದಾಯಿತು. ಜನಕ್ಕೆ ರೋಗ ಕಾಣುತ್ತಿರಲಿಲ್ಲ, ನಾನು ಕಾಣುತ್ತಿದ್ದೆ. ಅಮ್ಮ ಅಂಗಡಿಗೆ ಹೋದರೆ ಮಾತು ನಿಲ್ಲುತ್ತಿತ್ತು. ಪಕ್ಕದ ಹೊಲದ ಗಡ್ಡದ ಮಾವ ನಮ್ಮ ಗೇಟಿಗೇ ಬಂದು ನಿಂತು ಕೂಗಾಡಿದರು.

"ಮಗಳನ್ನ ಓದಿಸ್ತೀನಿ ಓದಿಸ್ತೀನಿ ಅಂತ ಕುಣಿದ್ಯಲ್ಲ, ಉಣ್ಣು ಈಗ!"

"ಉಣ್ತೀನಿ ಕಣಯ್ಯ," ಅಂದರು ಅಪ್ಪ, "ನಿನ್ನ ಹೊಲ ಉಳಿದ್ರೆ ಸಾಕು. ಒಳಗೆ ಬಾ, ಆದ್ರೆ ಬೂಟು ತೊಳ್ಕೊಂಡು ಬಾ."

ಮಾವ ಬರಲಿಲ್ಲ.

ಆ ಚಳಿಗಾಲವೆಲ್ಲ ನಾನು ಇಳಿಜಾರಿನ ಒಂದೊಂದು ಹೊಲದ ಮಣ್ಣನ್ನೂ ನೋಡಿದೆ. ಕಣ್ಣು ಮುಚ್ಚಿದರೂ ಚಿನ್ನದ ಬಣ್ಣದ, ದಪ್ಪ ಚಿಪ್ಪಿನ ಆ ಕಣಗಳೇ ಕಾಣುತ್ತಿದ್ದವು. ಫಲಿತಾಂಶ ಬಂತು. ರೋಗವಿದ್ದದ್ದು ನಮ್ಮ ಎರಡು ಹೊಲಗಳಲ್ಲಿ ಮಾತ್ರ. ಬೇಲಿಯಾಚೆ ಗಡ್ಡದ ಮಾವನ ಹೊಲಕ್ಕೂ ದಾಟಿರಲಿಲ್ಲ.

ಮುಂದಿನದನ್ನು ನಿನ್ನ ಮಗಳಿಗೆ ಸ್ವಲ್ಪ ನಿಧಾನವಾಗಿ ಓದು. ಆ ಸುದ್ದಿ ಬಂದ ವಾರ ಮಾವ ಮತ್ತೆ ಗೇಟಿಗೆ ಬಂದರು. ಈ ಸಲ ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಒಂದು ಕೆಂದು ಕಡಸು. ಬೂಟು ತೊಳೆದುಕೊಂಡರು. ಕಡಸಿನ ಗೊರಸನ್ನೂ ತೊಳೆದರು! ಅಂಗಳದಲ್ಲಿ ನಿಂತು ಅಪ್ಪನ ಮುಖ ನೋಡಲಾಗದೆ ಗೋಡೆಗೆ ಹೇಳಿದರು.

"ಆಲೂಗಡ್ಡೆ ಬೆಳೆಯೋ ಹಾಗಿಲ್ಲ, ಸರಿ. ಹುಲ್ಲು ಬೆಳೆಯಬಹುದಲ್ವಾ? ನಿನ್ನ ಮಗಳನ್ನ ಕೇಳು. ಬೆಳೆಯಬಹುದು ಅಂದ್ರೆ ಇದನ್ನ ಇಟ್ಕೊ."

ಬೆಳೆಯಬಹುದು ಅಂದೆ. ನಿನ್ನ ಇವತ್ತಿನ ಕೊಟ್ಟಿಗೆಯ ಮೂಲಪುರುಷಿ ಆ ಕಡಸು. ಹುಲ್ಲು, ಜೋಳ, ಹಾಲು ಅಂತ ನೀನು ಹಿಡಿದ ದಾರಿ ಆಲೂಗಡ್ಡೆಗಿಂತ ಗಟ್ಟಿಯಾಯಿತು ಎಂದು ನೀನೇ ಎಷ್ಟು ಸಲ ಹೇಳಿಲ್ಲ? ಒಮ್ಮೊಮ್ಮೆ ನನ್ನ ಸಮಾಧಾನಕ್ಕೆ ಹೇಳುತ್ತೀಯೇನೋ ಎಂದು ಅನುಮಾನ ಬರುತ್ತಿತ್ತು. ಆದರೆ ಹಸುಗಳ ಬೆನ್ನು ಸವರುವಾಗ ನಿನ್ನ ಮುಖ ನೋಡಿದ್ದೇನೆ. ಆ ಮುಖ ಸುಳ್ಳು ಹೇಳುವುದಿಲ್ಲ.

ಹೊಳೆಯಾಚೆಯ ಕತೆ ಬೇರೆ. ಅಲ್ಲೂ ಅದೇ ಕಾಲಕ್ಕೆ ಯಾರದೋ ಹೊಲದಲ್ಲಿ ಗಂಟು ಕಂಡಿತ್ತಂತೆ. ಅವರು ಮುಚ್ಚಿಟ್ಟರು. ನಾನು ಕೆಲವು ವರ್ಷಗಳ ಮೇಲೆ ಅಲ್ಲಿಗೆ ಹೋಗುವಷ್ಟರಲ್ಲಿ ದಂಡೆಯುದ್ದಕ್ಕೂ ಹಬ್ಬಿತ್ತು. ಒಬ್ಬ ಮುದುಕಿ ನನ್ನ ಕೈಗೆ ಒಂದು ಬುಟ್ಟಿ ಗಂಟುಗಳನ್ನು ಕೊಟ್ಟು, "ಯಾರ ಮೇಲೆ ಸಿಟ್ಟು ಮಾಡ್ಲಮ್ಮ? ಎಲ್ರೂ ಒಬ್ಬರ ಮುಖ ಒಬ್ಬರು ನೋಡ್ಕೊಂಡು ಸುಮ್ಮನಿದ್ವಿ" ಅಂದಳು. ಅವತ್ತು ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಅಪ್ಪನನ್ನು ನೋಡಬೇಕೆನಿಸಿತ್ತು.

ಉಳಿದ ನೌಕರಿಯೆಲ್ಲ ಅದೇ ರೋಗದ ಹಿಂದೆ ಹೋಯಿತು. ಯಾವ ತಳಿಗೆ ಹತ್ತುತ್ತದೆ, ಯಾವುದಕ್ಕೆ ಹತ್ತುವುದಿಲ್ಲ ಎಂದು ಕುಂಡ ತುಂಬಿದೆ, ಕುಂಡ ಬೋರಲು ಹಾಕಿದೆ. ನಾನು ರೋಗವನ್ನು ಗೆಲ್ಲಲಿಲ್ಲ ಗುಂಡ. ಅದಕ್ಕೆ ಇವತ್ತಿಗೂ ಮದ್ದಿಲ್ಲ. ಹತ್ತದ ತಳಿಗಳು ಕೆಲವು ಸಿಕ್ಕಿದವು, ಅವುಗಳಲ್ಲಿ ಎರಡನ್ನು ಹೊಳೆಯಾಚೆಯವರು ಈಗ ಬೆಳೆಯುತ್ತಾರೆ. ರುಚಿ ಸಾಲದು ಎಂದು ನಿನ್ನ ಭಾವನ ತೀರ್ಪು. ಲೆಕ್ಕದ ಮೇಷ್ಟರಾಗಿದ್ದವರಿಗೆ ಎಲ್ಲದಕ್ಕೂ ಅಂಕ ಕೊಡುವ ಚಟ. ಮದುವೆಯಾದ ಹೊಸದರಲ್ಲಿ, "ಬೇರೆಯವರ ಹೆಂಡತಿಯರು ಮಲ್ಲಿಗೆ ವಾಸನೆ ಬರ್ತಾರೆ, ನನ್ನವಳು ಬೆಂದ ಆಲೂಗಡ್ಡೆ ವಾಸನೆ. ಹಸಿವಾದರೂ ಆಗುತ್ತೆ" ಅನ್ನುತ್ತಿದ್ದರು. ಅಂಥ ಗಂಡ ಸಿಕ್ಕಿದ್ದು ನನ್ನ ಪುಣ್ಯ, ಅವರಿಗೆ ಮಾತ್ರ ಹೇಳಬೇಡ.

ನಿನ್ನ ಮಗಳಿಗೆ ಹೇಳು, ಈ ಕೆಲಸದಲ್ಲಿ ಚಪ್ಪಾಳೆ ಕಡಿಮೆ. ಬೆಳೆ ಚೆನ್ನಾಗಿ ಬಂದರೆ ಮಳೆಗೆ ಹೆಸರು, ಕೆಟ್ಟರೆ ನಮಗೆ ಹೆಸರು. ಉಗುರು ಕತ್ತರಿಸಿಕೊಂಡಿರಬೇಕು. ಒಂದು ಹೊಲದಿಂದ ಇನ್ನೊಂದಕ್ಕೆ ಹೋಗುವಾಗ ಯಾರು ನಕ್ಕರೂ ಬೂಟು ತೊಳೆಯಬೇಕು. ಯಾರಾದರೂ ರೋಗದ ಎಲೆ ಹಿಡಿದುಕೊಂಡು ಬಂದರೆ ಮೊದಲು ಎಲೆ ನೋಡಬಾರದು, ತಂದವರ ಮುಖ ನೋಡಬೇಕು. ಇದನ್ನು ನನಗೆ ಯಾರೂ ಕಲಿಸಲಿಲ್ಲ. ಇಷ್ಟು ಹೇಳಿಯೂ ಅವಳು ಬರುತ್ತೇನೆ ಅಂದರೆ ನಮ್ಮ ಮನೆಯ ಹಿಂದಿನ ಕೋಣೆ ಖಾಲಿಯಿದೆ, ಕಿಟಕಿಗೆ ಬೆಳಕು ಚೆನ್ನಾಗಿ ಬರುತ್ತದೆ. ನನ್ನ ಹಳೆಯ ಭೂತಗನ್ನಡಿ ಅವಳಿಗೇ.

ನೀನು ಮತ್ತೆ ಆಲೂಗಡ್ಡೆ ಹಾಕುತ್ತೀಯೋ ಇಲ್ಲವೋ ನಿನಗೆ ಬಿಟ್ಟದ್ದು. ಹಸುಗಳ ಹುಲ್ಲು ಕಿತ್ತುಕೊಳ್ಳುವಷ್ಟು ಕಟುಕಿ ನಾನಲ್ಲ. ಆದರೆ ಬೇಲಿಯ ಪಕ್ಕ ಒಂದೇ ಒಂದು ಸಾಲು ನನಗೆ ಕೊಡು. ನೆಡುವ ಕಾಲಕ್ಕೆ ನಾನೂ ನಿನ್ನ ಭಾವನೂ ಬರುತ್ತೇವೆ. ಅವರು ಕುರ್ಚಿಯಲ್ಲಿ ಕೂತು ಅಂಕ ಕೊಡಲಿ, ನಾವಿಬ್ಬರೂ ಗಡ್ಡೆ ಊರೋಣ. ಕೀಳುವಾಗಲೂ ಬರುತ್ತೇನೆ. ಬರೀ ಗಡ್ಡೆ ಕೀಳುವುದಕ್ಕೆಂದು ಆ ಹೊಲಕ್ಕಿಳಿದು ಎಷ್ಟು ಕಾಲವಾಯಿತು!

ನಿಮ್ಮೆಲ್ಲರಿಗೂ ಒಳ್ಳೆಯದಾಗಲಿ. ಕೆಚ್ಚಲುಗಳು ತುಂಬಿರಲಿ, ಮಗಳ ಮನಸ್ಸು ಗಟ್ಟಿಯಾಗಿರಲಿ, ನಿನ್ನ ಬೆನ್ನುನೋವು ನನ್ನ ಶತ್ರುಗಳಿಗೆ ಹೋಗಲಿ. ನಿನ್ನ ಹೆಂಡತಿಗೆ ನನ್ನ ನೆನಪು ಹೇಳು.

ಇಂತಿ ನಿನ್ನ ಪ್ರೀತಿಯ
ಅಕ್ಕ

ತಾ.ಕ.: ಇಲ್ಲಿಂದ ಮುಂದಿನದನ್ನು ಮಗಳಿಗೆ ಓದಬೇಡ. ಇದು ನಿನಗೆ ಮಾತ್ರ.

ಅಪ್ಪ ನನ್ನ ಮೇಲೆ ಒಂದು ದಿನವೂ ಸಿಟ್ಟಾಗಲಿಲ್ಲ, ನಿನಗೂ ಗೊತ್ತು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೆಲ್ಲ ನನ್ನ ಕೆಲಸದ ವಿಷಯ ಹೇಳಿ ಅವರ ಸ್ಟಾಪು ತಪ್ಪಿಸುತ್ತಿದ್ದರು. ಆದರೆ ಆ ವರ್ಷದ ನಂತರ ಅವರು ನನಗೆ ಒಂದೇ ಒಂದು ಎಲೆ ತೋರಿಸಲಿಲ್ಲ ಗುಂಡ. ಒಂದು ಕಾಯಿಯಿಲ್ಲ, ಒಂದು ಕಡ್ಡಿಯಿಲ್ಲ. ಮೊದಲೆಲ್ಲ ನಾನು ರಜೆಗೆ ಬಂದರೆ ಚೀಲ ಕೆಳಗಿಡುವ ಮುಂಚೆಯೇ ಅಂಗಿ ಜೇಬಿನಿಂದ ಒಣಗಿದ ಎಲೆಗಳನ್ನು ತೆಗೆದು ಮೇಜಿನ ಮೇಲೆ ಸುರಿಯುತ್ತಿದ್ದರು, ಇದೇನು ಹೇಳು, ಅದೇನು ಹೇಳು ಎಂದು. ಅದು ನಿಂತುಹೋಯಿತು.

ಅವರು ತೀರಿಕೊಳ್ಳುವ ಹಿಂದಿನ ವರ್ಷ ಬಂದಿದ್ದೆನಲ್ಲ, ಆಗ ಒಂದು ಬೆಳಿಗ್ಗೆ ಹಿತ್ತಲಿಗೆ ಹೋದೆ. ಅಮ್ಮನ ಗುಲಾಬಿ ಗಿಡದ ಮುಂದೆ ಬಗ್ಗಿ ನಿಂತಿದ್ದರು, ಕೈಯಲ್ಲೊಂದು ಎಲೆ. ಹೆಜ್ಜೆ ಸಪ್ಪಳಕ್ಕೆ ತಿರುಗಿ ನನ್ನನ್ನು ನೋಡಿದರು. ಕೈ ಮುಷ್ಟಿಯಾಯಿತು.

"ಏನಪ್ಪಾ ಅದು?"

"ಏನಿಲ್ಲಮ್ಮ, ಕಸ. ನಡಿ, ಕಾಫಿ ಕುಡಿಯೋಣ."

ಮರುದಿನ ಗಿಡದ ಔಷಧಿ ಅಂಗಡಿಯವನಿಗೆ ಆ ಎಲೆ ತೋರಿಸಿ ಸೀಸೆಯೊಂದನ್ನು ತಂದರು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ನನ್ನ ಬಾಯಿಂದ ಇನ್ನೇನು ಕೇಳಬೇಕಾಗುತ್ತದೋ ಎಂದು ಹೆದರಿದರೋ, ಅಂಥ ಮಾತನ್ನು ಮತ್ತೆ ಹೇಳುವ ಸಂಕಟ ನನಗೆ ಬರಬಾರದೆಂದು ಬಚ್ಚಿಟ್ಟರೋ, ಇವತ್ತಿಗೂ ನನಗೆ ತಿಳಿಯದು.

ಬೆರಳ ಸಂದಿಯಲ್ಲೇ ನನಗೆ ಕಂಡಿತ್ತು. ಬರೀ ಕರಿಚುಕ್ಕೆ. ಗುಲಾಬಿಗೆ ಅದು ನೆಗಡಿ ಇದ್ದ ಹಾಗೆ ಕಣೋ. ಕೆಳಗಿನ ನಾಲ್ಕು ಎಲೆ ಕಿತ್ತುಹಾಕಿದ್ದರೆ ಸಾಕಾಗಿತ್ತು.